ಅಣ್ಣನ ಮಡ್ಡಿಯನ್ನು ನಾನು ಹಸನು ಮಾಡಿದ್ದು

ನಮ್ಮಣ್ಣನನ್ನು ಮಣ್ಣು ಮಾಡಿದ ದಿನ ಕುಣಿಯ ಸುತ್ತ ಬಹಳ ಜನ ಸೇರಿದ್ದರು. ಮುಧೋಳ ಡಿಪೋದ ಹಳೆಯ ಜೊತೆಗಾರರು, ಬನಹಟ್ಟಿಯ ಮಗ್ಗದವರು, ಗಲಗಲಿ ಕಡೆಯ ಬೀಗರು, ಎಲ್ಲರೂ ಒಂದೇ ಬದಿಗೆ ಒತ್ತಿಕೊಂಡು ನಿಂತಿದ್ದರಿಂದ ಹಿಂದಿನವರಿಗೆ ಏನೂ ಕಾಣುತ್ತಿರಲಿಲ್ಲ. ಆಗ ಹಿಂದಿದ್ದ ಒಬ್ಬ ಡ್ರೈವರ್, ಬೇಕೆಂದಲ್ಲ, ಬರೀ ರೂಢಿಯಿಂದ ಕೂಗಿಬಿಟ್ಟ:

“ಮುಂದ ಸರೀರಿ, ಜಾಗಾ ಐತಿ!”

ಎಲ್ಲರೂ ಹಿಂದೆ ತಿರುಗಿ ನೋಡಿದರು. ಆಮೇಲೆ ನಮ್ಮ ವೈನಿ, ಅಂದರೆ ಅಣ್ಣನ ಹೆಂಡತಿ, ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅಳುತ್ತಿದ್ದವರು ಹಾಗೆಯೇ ನಕ್ಕುಬಿಟ್ಟರು. ಅವರು ನಕ್ಕದ್ದು ನೋಡಿ ಉಳಿದವರೂ ನಕ್ಕರು. ಅದು ಅಣ್ಣನ ಮಾತು. ಮುಧೋಳ, ಜಮಖಂಡಿ, ಬನಹಟ್ಟಿ ದಾರಿಯಲ್ಲಿ ಕಂಡಕ್ಟರನಾಗಿ ಅವನು ಜೀವಮಾನವಿಡೀ ಆಡಿದ ಮಾತು. ಬಸ್ಸಿನಲ್ಲಿ ಕಾಲಿಡಲು ಜಾಗವಿಲ್ಲದಾಗ ಅದನ್ನು ಇನ್ನೂ ಜೋರಾಗಿ ಆಡುತ್ತಿದ್ದ.

ಕುಣಿ ತೋಡಿದ್ದು ನನ್ನ ಕಬ್ಬಿನ ಹೊಲದ ಬದುವಿನಲ್ಲಿ. ಬದುವಿನ ಆಚೆಗೆ ಅವನದೇ ಮಡ್ಡಿ ಹೊಲ ಇತ್ತು. ಅಲ್ಲಿ ಬೇಡವೆಂದು ಅವನೇ ಮೊದಲು ಹೇಳಿಟ್ಟಿದ್ದ. “ನನ್ನ ಮಡ್ಡ್ಯಾಗ ಗುದ್ದಲಿ ಬೀಳಬಾರದು. ನಿನ್ನ ಕಬ್ಬಿನ್ಯಾಗ ಇಡು. ಅಗಿಯೋದು, ಮುಚ್ಚೋದು, ಸಪಾಟ ಮಾಡೋದು ನಿನಗ ಛಲೋ ಬರತೈತಿ.” ಕಡೆಯ ಮಾತು ನನ್ನನ್ನು ಚುಚ್ಚಲೆಂದೇ ಹೇಳಿದ್ದು. ಯಾಕೆಂದು ಊರೆಲ್ಲ ಬಲ್ಲದು. ಊರಿಗೆ ಗೊತ್ತಿಲ್ಲದ್ದು ಇನ್ನೊಂದಿದೆ. ಅದನ್ನು ಅದರ ಜಾಗ ಬಂದಾಗ ಹೇಳುತ್ತೇನೆ.

ನಾವು ಇಬ್ಬರೇ ಅಣ್ಣತಮ್ಮಂದಿರು. ಅವನು ಮ್ಯಾಟ್ರಿಕ್ ಪಾಸಾಗಿ ಬಸ್ಸು ಹತ್ತಿದ. ನಾನು ಏಳನೆಯ ಇಯತ್ತೆಗೆ ಶಾಲೆ ಬಿಟ್ಟು ಎತ್ತಿನ ಹಿಂದೆ ಹೋದೆ. ಪಾಲಾಗುವಾಗ ಅಪ್ಪ, ಸಂಬಳದವನಿಗೆ ಮಡ್ಡಿ ಸಾಕು ಎಂದು ನೀರು ಹತ್ತದ ಗರಸು ಮಣ್ಣಿನ ಎತ್ತರದ ಹೊಲವನ್ನು ಅಣ್ಣನಿಗೂ, ಕೆಳಗಿನ ಕರಿ ನೆಲವನ್ನು ನನಗೂ ಕೊಟ್ಟ. ಅಣ್ಣ ತಕರಾರು ಮಾಡಲಿಲ್ಲ. ಮಡ್ಡಿಯಲ್ಲಿ ಊರ ಆಡುಗಳು ಮೇಯುತ್ತಿದ್ದವು, ಬೇಸಿಗೆಯಲ್ಲಿ ಯಾರಾದರೂ ಬೆಂಕಿ ಹಚ್ಚುತ್ತಿದ್ದರು, ಮಳೆಗಾಲದಲ್ಲಿ ಅದರ ಮಣ್ಣು ಹಳ್ಳಕ್ಕೆ ಹೋಗುತ್ತಿತ್ತು. ಅದು ಇದ್ದದ್ದೇ ಅವನಿಗೆ ಮರೆತುಹೋಗಿತ್ತು.

ನಿವೃತ್ತನಾಗಿ ಮನೆಗೆ ಬಂದ ಮೇಲೆ ಅವನಿಗೆ ನಿದ್ದೆ ಹೋಯಿತು. ಕಣ್ಣು ಮುಚ್ಚಿದರೆ ಇಂಜಿನ್ ಸದ್ದು. ಬಚ್ಚಲಲ್ಲಿ ನೀರು ಸುರಿದುಕೊಳ್ಳುತ್ತ “ರೈಟ್, ರೈಟ್” ಎನ್ನುತ್ತಿದ್ದ. ವೈನಿ ಊಟಕ್ಕೆ ಬಡಿಸುವಾಗ ರೊಟ್ಟಿ ಸಾಕೆಂದು ಹೇಳಲು “ಹೋಲ್ಡಾನ್” ಎಂದು ಕೂಗಿ, ವೈನಿ ಬೆಚ್ಚಿ ಪಲ್ಯದ ಪಾತ್ರೆ ಬೀಳಿಸಿದ್ದುಂಟು. ಜಮಖಂಡಿಯ ಡಾಕ್ಟರು ಬಿಪಿ ಏರಿದೆ, ದಿನಾ ನಡೆಯಿರಿ ಎಂದರು. ಅಣ್ಣನಿಗೆ ನಡೆದು ಗೊತ್ತಿರಲಿಲ್ಲ. ಮಡ್ಡಿಯವರೆಗೆ ನಡೆದು, ಅಲ್ಲೇ ಕೂತುಬಿಡುತ್ತಿದ್ದ.

ಹಾಗೆ ಕೂತವನು ಒಂದು ದಿನ ನನ್ನನ್ನು ಕರೆದು ಒಂದು ಬಾರಿಕಂಟಿ, ಅಂದರೆ ಬೋರೆಹಣ್ಣಿನ ಮುಳ್ಳುಪೊದೆ, ತೋರಿಸಿದ. ಅದರ ಮುಳ್ಳಿನ ನಡುವೆ ಗೇಣುದ್ದದ ಬೇವಿನ ಸಸಿ ಇತ್ತು. ಮುಳ್ಳಿಗೆ ಹೆದರಿ ಆಡು ಅದನ್ನು ಮುಟ್ಟಿರಲಿಲ್ಲ.

“ನೋಡಲೇ, ಕಂಟಿ ಟವಲ್ ಹಾಕಿ ಬೇವಿಗಿ ಸೀಟ್ ಹಿಡದೈತಿ.”

“ಈ ಕಂಟಿ ಕಡದ ಒಗೀಲೇನು?” ಎಂದೆ ನಾನು. ನನ್ನ ಕೈಯಲ್ಲಿ ಕುಡಗೋಲು ಇತ್ತು. ನನ್ನ ಕೈಯಲ್ಲಿ ಯಾವಾಗಲೂ ಕುಡಗೋಲು ಇರುತ್ತಿತ್ತು.

ಅಂದಿನಿಂದ ಮಡ್ಡಿಗೆ ಆಡು ಬಿಡಲಿಲ್ಲ, ಬೆಂಕಿ ಬಿಡಲಿಲ್ಲ, ನೇಗಿಲು ಬಿಡಲಿಲ್ಲ, ಮುಖ್ಯವಾಗಿ ನನ್ನನ್ನು ಬಿಡಲಿಲ್ಲ. ಅವನು ಗಿಡ ನೆಡಲಿಲ್ಲ, ನೀರು ಹಾಕಲಿಲ್ಲ. ಕಾವಲು ಕೂತ, ಅಷ್ಟೇ. ವರ್ಷಗಳು ಹೋದಂತೆ ಕರಡದ ಹುಲ್ಲು ಸೊಂಟಕ್ಕೆ ಬಂತು. ಬೇವು ಕಂಟಿಯನ್ನು ದಾಟಿ ಎದ್ದಿತು. ಹಕ್ಕಿಗಳು ಬಂದವು, ತಿಂದ ಹಣ್ಣಿನ ಬೀಜ ಹಾಕಿ ಹೋದವು. “ಬೀಜಕ್ಕ ಹಾಫ್ ಟಿಕೆಟ್ಟೂ ಇಲ್ಲ, ಹಕ್ಕಿ ಹೊಟ್ಟ್ಯಾಗ ಕುಂತ ಬರತಾವ” ಎಂದು ಅಣ್ಣ ಸಂತೋಷಪಡುತ್ತಿದ್ದ. ಟಿಕೆಟ್ ಇಲ್ಲದ ಪ್ರಯಾಣವನ್ನು ಅವನು ಮೆಚ್ಚಿದ್ದು ಜೀವನದಲ್ಲಿ ಅದೊಂದೇ ಸಲ.

ದಾರಿಯಲ್ಲಿ ಹೋಗುವವರು ಕೆಣಕುತ್ತಿದ್ದರು.

“ಏನ್ರೀ ಕಂಡಕ್ಟರ್ ಸಾಹೇಬ್ರ, ಏನ್ ಮಾಡಾಕತ್ತೀರಿ?”

“ಏನೂ ಮಾಡಾಕತ್ತಿಲ್ರಿ.”

“ದಿನಾ ಅದನ್ನ ಮಾಡತೀರಲ್ರಿ!”

“ದಿನಾ ಮಾಡಿದರ ಕಲೀತೈತ್ರಿ ಕೈ.”

ತುಬಚಿಯ ಕಡೆಯಿಂದ ಏತ ನೀರಾವರಿಯ ಮಾತು ಎದ್ದ ಮೇಲೆ ಸುತ್ತಲಿನವರಿಗೆಲ್ಲ ನೀರಿನ ಕನಸು ಹತ್ತಿತು. ಒಬ್ಬೊಬ್ಬರೇ ಪೈಪು ಎಳೆದರು, ಮಡ್ಡಿಗಳೆಲ್ಲ ಕಬ್ಬಾದವು. ಅಣ್ಣನ ಮಡ್ಡಿಯೊಂದು ಹಸಿರು ಗೋಣಿಗೆ ಹಾಕಿದ ತೇಪೆಯಂತೆ ಉಳಿಯಿತು. ಅಲ್ಲಿಗೆ ಮೊಲ ಬಂದಿವೆ ಎಂದು ಸುದ್ದಿಯಾಗಿ, ಮುಧೋಳದ ಕಡೆಯ ಮೀಸೆಯ ಆಳೊಬ್ಬ ತನ್ನ ಬೇಟೆನಾಯಿಯನ್ನು ಹಿಡಿದುಕೊಂಡು ಬಂದ. ಮುಧೋಳ ನಾಯಿ ಗೊತ್ತಲ್ಲ, ಹೊಟ್ಟೆ ಎಂಬುದೇ ಇಲ್ಲ, ಎಲ್ಲ ಕಾಲೇ. ಆಳಿಗೆ ಮಾತ್ರ ಹೊಟ್ಟೆ ಇತ್ತು.

“ಎಲ್ಲಿಗಿ?” ಎಂದ ಅಣ್ಣ, ಬಸ್ಸಿನ ಬಾಗಿಲಲ್ಲಿ ನಿಂತವನಂತೆ.

“ನಾಯಿ ಓಡಸಾಕ್ರಿ. ಓಡಿದರ ಮೈ ಹಗರಾಗತೈತಿ.”

“ಹಂಗಾರ ನೀ ಓಡಪಾ. ಜಮಖಂಡಿ ರೋಡ್ ಖಾಲಿ ಐತಿ.”

ಇವರ ವಾದ ನಡೆದಿರುವಾಗ ನಾಯಿ ಹೋಗಿ ಬೇವಿನ ನೆರಳಿನಲ್ಲಿ ಮಲಗಿತು. ಒಡೆಯ ಎಷ್ಟು ಸೀಟಿ ಹೊಡೆದರೂ ಏಳಲಿಲ್ಲ. ಹಾದಿಯುದ್ದಕ್ಕೂ ಕಬ್ಬಿನ ಕಾವಿನಲ್ಲಿ ನಡೆದು ಬಂದಿತ್ತು ಪಾಪ. “ನೋಡು, ಅದಕ್ಕ ತಿಳೀತು” ಎಂದ ಅಣ್ಣ. ಆ ಮನುಷ್ಯನೂ ಕಡೆಗೆ ನಾಯಿಯ ಪಕ್ಕ ಕೂತು, ನಮ್ಮ ಬುತ್ತಿಯ ರೊಟ್ಟಿ ತಿಂದು ಹೋದ.

ಇನ್ನೊಬ್ಬ ಗೆಳೆಯ ಬನಹಟ್ಟಿಯ ನೇಕಾರ. ಪವರ್‌ಲೂಮುಗಳ ನಡುವೆಯೇ ಮುದುಕನಾದವನು. ಗುಟ್ಟನ್ನೂ ಕೂಗಿ ಹೇಳುತ್ತಿದ್ದ. ಮಗ್ಗಕ್ಕೆ ರಜೆ ಇದ್ದಾಗ ಬಂದು ಅಣ್ಣನ ಜೊತೆ ಬೇವಿನ ಕೆಳಗೆ ಕೂರುತ್ತಿದ್ದ. ಮೊದಲ ಸಲ ಬಂದವನು ಗಾಬರಿಯಿಂದ ಕಿವಿ ಉಜ್ಜಿಕೊಂಡ.

“ಏನೋ ಆಗೇತಲೇ ಕಿವಿಗಿ! ಏನೂ ಇಲ್ಲದಂಗ ಆಗೇತಿ!”

“ಅದಕ್ಕ ಶಾಂತ ಅಂತಾರ. ಒದರಬ್ಯಾಡ, ಓಡಿ ಹೋದೀತು.”

ಕೆಲವು ತಿಂಗಳು ಹೀಗೆ ಬಂದ ಮೇಲೆ ನೇಕಾರ ಮನೆಯಲ್ಲೂ ಮೆಲ್ಲಗೆ ಮಾತಾಡತೊಡಗಿದ. ಅವನ ಹೆಂಡತಿ ಹೆದರಿ ಅಣ್ಣನಿಗೆ ಫೋನು ಮಾಡಿದಳು. “ನಮ್ಮವರಿಗಿ ಏನೋ ಆಗೇತ್ರಿ ಅಣ್ಣಾರ. ಸಿಟ್ಟ ಬಂದರೂ ಮೆಲ್ಲಕ ಮಾತಾಡತಾರ. ದವಾಖಾನಿಗಿ ತೋರಸೋಣೇನ್ರಿ?”

ಅಣ್ಣನಿಗೂ ಆ ಹೊತ್ತಿಗೆ ನಿದ್ದೆ ಮರಳಿತ್ತು. ಬಚ್ಚಲಲ್ಲಿ ಬಸ್ಸು ನಿಂತಿತ್ತು.

ಎಲ್ಲಕ್ಕಿಂತ ಅವನು ಬೆಲೆ ಕೊಟ್ಟದ್ದು ಒಂದು ಜೋಡಿ ಕೌಜುಗಗಳಿಗೆ. ಕೋಳಿಗಿಂತ ಸಣ್ಣ, ಮಣ್ಣಿನ ಬಣ್ಣದ ಹಕ್ಕಿಗಳು. ಹುಲ್ಲಿನಲ್ಲಿ ಮರಿ ಮಾಡಿ, ಬೆಳಿಗ್ಗೆ ಸಾಲಾಗಿ ಬಂಡಿದಾರಿ ದಾಟುತ್ತಿದ್ದವು. ನಾನು ಟ್ರ್ಯಾಕ್ಟರ್ ತಂದರೆ ಅಣ್ಣ ನಡುದಾರಿಯಲ್ಲಿ ಕೈಯೆತ್ತಿ ನಿಂತು “ಹೋಲ್ಡಾನ್!” ಎನ್ನುತ್ತಿದ್ದ. ಕಡೆಯ ಮರಿ ದಾಟಿದ ಮೇಲೆ “ರೈಟ್!” ಕೌಜುಗ ಕೂಗಿದ ದಿನ ಅವನು ಮನೆಗೆ ಬಂದು ಒಂದು ರೊಟ್ಟಿ ಹೆಚ್ಚು ತಿನ್ನುತ್ತಿದ್ದ ಎಂದು ವೈನಿ ಹೇಳುತ್ತಾರೆ.

ನಾನು ನಗುತ್ತಿದ್ದೆ. ಆದರೆ ಬೇಸಿಗೆಯಲ್ಲಿ ನನ್ನ ತಗಡಿನ ಶೆಡ್ಡು ಬಿಟ್ಟು ಅವನ ಬೇವಿನ ಕೆಳಗೇ ಬುತ್ತಿ ಬಿಚ್ಚುತ್ತಿದ್ದೆ. ಒಂದು ಮುಂಗಾರಿನಲ್ಲಿ ಮಳೆ ಸುರಿಯಲಿಲ್ಲ, ಕಾಲುವೆ ಒಡೆದಂತೆ ಬಿತ್ತು. ಈಗೀಗ ಹಾಗೆಯೇ ಬೀಳುವುದು: ಇಲ್ಲ ಅಂದರೆ ಇಲ್ಲ, ಬಂದರೆ ಒಮ್ಮೆಲೇ. ನನ್ನ ಹೊಲದಿಂದ ನೀರು ಕರ್ರಗೆ ಹಳ್ಳಕ್ಕಿಳಿಯಿತು. ಮಡ್ಡಿಯಿಂದ ಇಳಿದದ್ದು ಸ್ವಲ್ಪವೇ ನೀರು, ಅದೂ ತಿಳಿಯಾಗಿ. ಅಣ್ಣ ಕೊಡೆ ಹಿಡಿದು ನಿಂತಿದ್ದ.

“ನಿನ್ನ ಹೊಲ ಹೊಂಟತು ನೋಡಲೇ. ಆಲಮಟ್ಟಿಗಿ ಟಿಕೆಟ್ ತಗದೈತಿ.”

“ಎಲ್ಲಾರ ಹೊಲಾನೂ ಹೊಂಟಾವ. ಹವಾ ಕೆಟ್ಟೈತಿ ಅಂತ ಟಿವ್ಯಾಗ ಹೇಳಾಕತ್ತಾರ.”

“ಹವಾ ಯಾಕ ಕೆಡತೈತಿ? ಅದು ಕುಂದರೋ ಸೀಟೆಲ್ಲಾ ನಾವು ಕಿತ್ತ ಒಗದೇವಿ. ನಿಂತ ನಿಂತ ಸಿಟ್ಟಿಗೆದ್ದೈತಿ.”

ಇನ್ನು ನನ್ನ ಪ್ರತಾಪ.

ನಮ್ಮ ಕಡೆ ಹೊಲ ಹಸನು ಮಾಡುವುದೆಂದರೆ ಮಾನದ ಮಾತು. ಮುಂಗಾರಿಗೆ ಮೊದಲು ಕಸ ಕಿತ್ತು, ಕಂಟಿ ಕಡಿದು, ಗುಡ್ಡೆ ಹಾಕಿ ಸುಟ್ಟು, ನೆಲವನ್ನು ಸಾರಿಸಿದ ಅಂಗಳದಂತೆ ಇಡಬೇಕು. ಹೊಲದಲ್ಲಿ ಕಸ ಇದ್ದವನ ಮನೆಗೆ ಹೆಣ್ಣು ಕೊಡುವವರು ಎರಡು ಸಲ ವಿಚಾರಿಸುತ್ತಾರೆ. ಆ ವಿದ್ಯೆಯಲ್ಲಿ ನಮ್ಮೂರಲ್ಲಿ ನನ್ನನ್ನು ಮೀರಿಸಿದವರಿಲ್ಲ. ಅಂಥ ನನ್ನನ್ನು ಚಹಾದಂಗಡಿಯಲ್ಲಿ “ಕಂಟಿ ಕಂಡಕ್ಟರನ ತಮ್ಮ” ಎಂದು ಕರೆಯುತ್ತಿದ್ದರು.

ಅಣ್ಣನ ಮೊಣಕಾಲು ಸವೆದು, ಆಪರೇಷನ್ನಿಗೆ ಬಾಗಲಕೋಟೆಗೆ ಮಗಳ ಮನೆಗೆ ಹೋಗುವುದಾಯಿತು. ಹೊರಡುವಾಗ ನನ್ನ ಭುಜದ ಮೇಲೆ ಕೈಯಿಟ್ಟ.

“ತಮ್ಮಾ, ನಾ ಬರೂತನಕ ನಿನಗೊಂದು ಕೆಲಸ ಐತಿ.”

“ಹೇಳಣ್ಣಾ.”

“ಏನೂ ಮಾಡಬ್ಯಾಡ.”

“ಅಷ್ಟ?”

“ಅಷ್ಟ. ಆದರ ನಿನಗ ಭಾಳ ತ್ರಾಸ ಆಗತೈತಿ.”

ಖರೆ, ಬಹಳ ತ್ರಾಸವಾಯಿತು. ಮೊದಮೊದಲು ಬದುವಿನಲ್ಲಿ ನಿಂತು ಕೈ ಹಿಂದೆ ಕಟ್ಟಿಕೊಂಡು ನೋಡುತ್ತಿದ್ದೆ. ಆಮೇಲೆ ಯೋಚನೆ ಶುರುವಾಯಿತು. ಹೊಸ ಮೊಣಕಾಲಿನವನು ಈ ಮುಳ್ಳಿನಲ್ಲಿ ಹೇಗೆ ನಡೆದಾನು? ಹಾವು ಇದ್ದರೆ? ಕಲ್ಲು ಎಡವಿದರೆ? ಒಳಗಿನ ಇನ್ನೊಂದು ಮಾತನ್ನೂ ಮುಚ್ಚಿಡುವುದಿಲ್ಲ. ಚಹಾದಂಗಡಿಯವರ ಬಾಯಿ ಒಮ್ಮೆ ಮುಚ್ಚಿಸಬೇಕು ಅಂತಲೂ ಇತ್ತು. ಅಣ್ಣನ ಮೇಲಿನ ಪ್ರೀತಿ, ನನ್ನ ನಾಚಿಕೆ, ಎರಡೂ ಕೂಡಿ ಒಂದು ಜೆಸಿಬಿ ತರಿಸಿದವು.

ಸಂಜೆಯ ಹೊತ್ತಿಗೆ ಮಡ್ಡಿ ಅಂಗೈಯಂತಾಯಿತು. ಹುಲ್ಲು ಸುಟ್ಟೆ. ಬಾರಿ, ಕಾರಿ, ತಂಗಡಿ ಕಂಟಿಗಳೆಲ್ಲ ಬೇರು ಸಮೇತ ಹೋದವು. ಮೂಲೆಯಲ್ಲಿ ದೊಡ್ಡದಾಗಿದ್ದ ಅಣ್ಣನ ಆ ಬೇವಿನ ಹತ್ತಿರ ಹೋದಾಗ ಮಾತ್ರ, ಅದರಲ್ಲಿದ್ದ ಹೆಜ್ಜೇನು ಎದ್ದಿತು. ಜೆಸಿಬಿಯವನು ಯಂತ್ರ ಬಿಟ್ಟು ನನ್ನ ಕಾಲುವೆಗೆ ಹಾರಿದ. ನಾನು ಕಬ್ಬಿನಲ್ಲಿ ಹೊಕ್ಕೆ. ಯಂತ್ರ ಒಂದೇ ನಿಂತು ಗುರುಗುಡುತ್ತಿತ್ತು. ಹೀಗೆ ಒಂದು ಮೂಲೆ ಉಳಿಯಿತು. ಅದನ್ನು ಉಳಿಸಿದ್ದು ನಾನಲ್ಲ.

ಮಾರನೆಯ ದಿನ ಊದಿದ ಮುಖದಲ್ಲೇ ಉಳಿದ ಕೆಲಸ ಮುಗಿಸಿದೆ. ನರ್ಸರಿಯ ಅಶೋಕ ಗಿಡಗಳನ್ನು ಸಾಲಾಗಿ ನಿಲ್ಲಿಸಿದೆ. ಕಲ್ಲುಗಳಿಗೆ ಸುಣ್ಣ ಬಳಿದು ದಾರಿ ಮಾಡಿದೆ. ನಡುವೆ ಒಂದು ಸಿಮೆಂಟಿನ ಬೆಂಚು, ಅದರ ಮೇಲೆ ಅಣ್ಣನ ಹೆಸರು. ಚಹಾದಂಗಡಿಯವರು ಬಂದು ನೋಡಿ, “ಈಗ ಹೊಲಾ ಅನ್ನಬಹುದು ನೋಡಪಾ” ಎಂದರು. ನನ್ನ ಎದೆ ಮುಖಕ್ಕಿಂತ ಹೆಚ್ಚು ಊದಿತು.

ಅಣ್ಣ ಬಂದ ದಿನ ಟಂಟಂ ಆಟೋದಲ್ಲಿ ಕೂರಿಸಿ ಮನೆಗಿಂತ ಮೊದಲು ಮಡ್ಡಿಗೇ ಕರೆದೊಯ್ದೆ. ವೈನಿಯೂ ಜೊತೆಗಿದ್ದರು.

“ಮುಖಾ ಯಾಕ ಹಿಂಗಾಗೇತಿ?” ಎಂದ ದಾರಿಯಲ್ಲಿ.

“ಜೇನು ಕಡದಾವ. ಮುಂದ ನೋಡು, ತಿಳೀತೈತಿ.”

ತಿಳಿಯಿತು. ಟಂಟಂ ಇಳಿದು ಕೋಲು ಊರಿ ನಿಂತ. ನಿದ್ದೆಗಣ್ಣಲ್ಲಿ ಬಸ್ಸಿಳಿದವನು, ಇದು ತನ್ನ ಊರಲ್ಲ ಎಂದು ತಿಳಿದಾಗ ನಿಲ್ಲುತ್ತಾನಲ್ಲ, ಹಾಗೆ. ಬಸ್ಸು ಹೋಗಿಬಿಟ್ಟಿರುತ್ತದೆ.

“ಹೆಂಗೈತಣ್ಣಾ?” ಎಂದೆ.

ಅವನು ಕೋಲಿನ ತುದಿಯಿಂದ ಒಂದು ಸುಣ್ಣದ ಕಲ್ಲು ತಟ್ಟಿ, “ಛಲೋ ಹಸನ ಮಾಡೀ” ಎಂದ. ಬೈದಿದ್ದರೆ ಬದುಕುತ್ತಿದ್ದೆ. ಬೆಂಚಿನ ಮೇಲೆ, ತನ್ನ ಹೆಸರಿನ ಮೇಲೆಯೇ ಕೂತು, “ಕೌಜುಗ ಎಲ್ಲಿ ಹೋದವು?” ಎಂದು ಕೇಳಿದ. ಬೆಂಕಿ ಹಚ್ಚುವಾಗ ಅವುಗಳ ನೆನಪೇ ನನಗೆ ಆಗಿರಲಿಲ್ಲ.

ಆಮೇಲೆ ನನ್ನ ಜೊತೆ ಮಾತು ಬಿಟ್ಟ. ವೈನಿಗೆ ನನ್ನ ಪಾಡು ನೋಡಲಾಗಲಿಲ್ಲ. “ಮಾತಾಡ್ರಿ ಅವನ ಕೂಡ. ಅಳಾಕತ್ತಾನ ಅಂವ.”

“ಅಳವಲ್ಲನ್ಯಾಕ. ಮಡ್ಡ್ಯಾಗ ಹೋಗಿ ಅಳು ಅನ್ನು, ನೀರರ ಬೀಳಲಿ.”

ತಪ್ಪು ತಿದ್ದಲು ನಾನು ಮತ್ತೆ ಸಲಿಕೆ ಹಿಡಿದೆ. ಅಶೋಕ ಕಿತ್ತು ಬಾರಿಯ ಸಸಿ ನೆಡೋಣವೆಂದು ಮಡ್ಡಿಗೆ ಕಾಲಿಟ್ಟರೆ, ಟಿಟ್ಟಿಭ ಹಕ್ಕಿಯೊಂದು ಕಿರುಚುತ್ತ ನೇರ ನನ್ನ ತಲೆಗೇ ಎರಗಿತು. ಬೋಳು ನೆಲದಲ್ಲಿ ಮೊಟ್ಟೆಯಿಡುವ ಜಾತಿ ಅದು. ನಾನು ಹಸನು ಮಾಡಿದ ನೆಲವನ್ನು ಮೆಚ್ಚಿ ಬಂದದ್ದು ಅದೊಂದೇ. ಸುಣ್ಣದ ಕಲ್ಲುಗಳ ನಡುವೆ ಮೊಟ್ಟೆಯಿಟ್ಟಿತ್ತು. ನಾನು ಎಡಕ್ಕೆ ಹೋದರೆ ಎಡಕ್ಕೆ, ಬಲಕ್ಕೆ ಹೋದರೆ ಬಲಕ್ಕೆ. ಸಲಿಕೆ ಬಿಸಾಡಿ, ತಲೆಯ ಪಟಕ ಕಳೆದುಕೊಂಡು ಬದು ಹಾರಿದೆ. ಬೆಂಚಿನ ಕಡೆಯಿಂದ ನಗು ಕೇಳಿಸಿತು. ಅಣ್ಣ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ.

“ಖಾಲಿ ಗಾಡಿಗಿ ಮೊದಲ ಹತ್ತ್ಯಾಳ ನೋಡು! ನಿನಗ ಏನೂ ಮಾಡಗೊಡಂಗಿಲ್ಲಲೇ ಇಕಿ. ನನಗ ಇಂಥಾಕೀನ ಬೇಕಾಗಿತ್ತು.”

ಮರಿಗಳು ಎದ್ದು ಹೋಗುವವರೆಗೆ ನಾನು ಆ ನೆಲಕ್ಕೆ ಕಾಲಿಡಲಾಗಲಿಲ್ಲ. ಆಮೇಲೆ ಮಳೆ ಬಂತು. ಹಿಡಿದುಕೊಳ್ಳಲು ಬೇರಿಲ್ಲದ ಮಡ್ಡಿ ಕೆಳಗಿಳಿದು ನನ್ನ ಕಬ್ಬಿನಲ್ಲಿ ಕೂತಿತು. ಸುಣ್ಣದ ಕಲ್ಲು, ಅಶೋಕ ಗಿಡ, ಎಲ್ಲ ನನಗೇ ವಾಪಸು ಬಂದವು. ಬೆಂಚು ಮಾತ್ರ ಅಲ್ಲೇ ವಾಲಿಕೊಂಡು ನಿಂತಿತು.

ಅಣ್ಣನ ಮೊಣಕಾಲು ಸರಿಯಾಯಿತು, ಎದೆ ಕೆಟ್ಟಿತು. ಏರು ಹತ್ತಬಾರದೆಂದರು ಡಾಕ್ಟರು. ಅವನು ಅಂಗಳದ ಹೊರಸಿನಲ್ಲಿ ಉಳಿದ. ಮಡ್ಡಿ ನೋಡಿ ಬಂದು ಹೇಳುವ ಕೆಲಸ ನನಗೆ ಬಂತು. ಮುಟ್ಟುವ ಹಾಗಿಲ್ಲ, ನೋಡಬೇಕು, ಬಂದು ಹೇಳಬೇಕು. ಸಂಜೆ ಚಹಾದ ಹೊತ್ತಿಗೆ ಕೇಳುತ್ತಿದ್ದ:

“ಯಾರ್ಯಾರು ಹತ್ತ್ಯಾರ?”

“ಕಸ ಬಂದೈತಿ.”

“ಕಸಕ್ಕ ಹೆಸರಿಲ್ಲೇನು? ನಿನಗ ಬರೇ ಮನಶ್ಯಾ ಬಂದಾನ ಅಂದರ ನಡೀತೈತೇನು?”

ಅಲ್ಲಿಯವರೆಗೆ ನನಗೆ ಗೊತ್ತಿದ್ದ ಗಿಡಗಳು ಎರಡೇ ಜಾತಿ, ಬೆಳೆ ಮತ್ತು ಕಸ. ಅಣ್ಣನ ಕಾಟಕ್ಕೆ ಹೆಸರು ಕಲಿತೆ. ಎಕ್ಕೆ ಬಂತು ಎಂದೆ. ತುಂಬೆ ಬಂತು ಎಂದೆ. ಕಿತ್ತ ಬಾರಿಯ ಉಳಿದ ಬೇರಿನಿಂದ ಚಿಗುರು ಬಂತು ಎಂದಾಗ ಅವನು ಎದ್ದು ಕೂತ. ಮೂಲೆಯ ಬೇವಿನ ಬೀಜ ಸುತ್ತಲೂ ಮೊಳೆತಿವೆ ಎಂದಾಗ, ಹೆಜ್ಜೇನಿಗೆ ಕೈಮುಗಿದ. ಕಡೆಗೆ ಪ್ರತಿ ಸಲ ಅದೇ ಪ್ರಶ್ನೆ:

“ಕೌಜುಗ?”

“ಇನ್ನೂ ಇಲ್ಲ.”

“ಹುಲ್ಲು ಎತ್ತರ ಆಗಬೇಕು. ಬರತಾವ.” ಹೇಳಿ ಗೋಡೆಯ ಕಡೆ ತಿರುಗಿ ಮಲಗುತ್ತಿದ್ದ.

ಆ ಗೋಡೆಯ ಕಡೆ ತಿರುಗುವುದನ್ನು ನನಗೆ ನೋಡಲಾಗಲಿಲ್ಲ. ಅವನು ತೀರ ಸೋತಿದ್ದ ಒಂದು ಸಂಜೆ, ಅವನು ಕೇಳುವ ಮೊದಲೇ ಹೇಳಿಬಿಟ್ಟೆ.

“ಅಣ್ಣಾ, ಕೌಜುಗ ಬಂದಾವ.”

ಅವನ ಕಣ್ಣು ತೆರೆದವು. “ಜೋಡಿ?”

“ಜೋಡಿ.”

“ಕಂಡಿಯೋ, ಕೇಳಿದಿಯೋ?”

“ಕೇಳಿದೆ.”

“ಹೆಂಗ ಕೂಗಿದವು?”

ಇದಕ್ಕೆ ನಾನು ತಯಾರಾಗಿರಲಿಲ್ಲ. ಧೈರ್ಯ ಮಾಡಿ ಕೂಗಿದೆ.

“ಥೂ, ಇದು ಹೋತಿನ ದನಿ ಆತಲೇ!” ಎಂದು ಅಣ್ಣ ತಾನೇ ಕೂಗಿ ತೋರಿಸಿದ. ಆ ದನಿ, ಬಸ್ಸಿನ ಕಡೆಯ ಸೀಟಿನವರೆಗೆ ಮುಟ್ಟುತ್ತಿದ್ದ ದನಿ, ಅಂಗಳ ತುಂಬಿತು. ನಾನು ಮತ್ತೆ ಕೂಗಿದೆ. ಅವನು ತಿದ್ದಿದ. ವೈನಿ ಒಳಗಿನಿಂದ ಹಿಟ್ಟಿನ ಕೈಯಲ್ಲೇ ಓಡಿ ಬಂದರು.

“ಏನಾಗೇತಿ ಇಬ್ಬರಿಗೂ? ಓಣ್ಯಾಗ ಮಂದಿ ನೋಡಾಕತ್ತಾರ!”

“ಕೌಜುಗ ಬಂದಾವ! ಇನ್ನೊಂದು ರೊಟ್ಟಿ ಮಾಡು!” ಎಂದ ಅಣ್ಣ.

ಆ ರೊಟ್ಟಿಯನ್ನು ಅವನು ತಿಂದ. ಕೆಲವು ದಿನಗಳ ಮೇಲೆ ತೀರಿಕೊಂಡ. ಊರಿಗೆ ಗೊತ್ತಿಲ್ಲದ್ದು ಇದು. ಕೌಜುಗ ಬಂದಿರಲಿಲ್ಲ. ಟಿಕೆಟ್ ಇಲ್ಲದವನನ್ನು ಮುಖ ನೋಡಿಯೇ ಹಿಡಿಯುತ್ತಿದ್ದ ನಮ್ಮಣ್ಣ ನನ್ನನ್ನು ಹಿಡಿದನೋ, ಹಿಡಿದೂ ಬಿಟ್ಟನೋ, ಗೊತ್ತಿಲ್ಲ. ವೈನಿಗೂ ಇಲ್ಲಿಯವರೆಗೆ ಹೇಳಿಲ್ಲ. ಇದನ್ನು ಯಾರಾದರೂ ಓದಿ ಹೇಳಿದರೆ ತಿಳಿದುಕೊಳ್ಳಲಿ.

ಈಗ ಮಡ್ಡಿ ನನ್ನ ಕಾವಲಿನಲ್ಲಿದೆ. ವೈನಿಯ ಹತ್ತಿರ ಲಾವಣಿಗೆ, ಅಂದರೆ ಗುತ್ತಿಗೆಗೆ, ಕೇಳಲು ಇಬ್ಬರು ಬಂದಿದ್ದರು, ಪೈಪು ಎಳೆದು ಕಬ್ಬು ಹಾಕುತ್ತಾರಂತೆ. ವೈನಿ ನನ್ನ ಮುಖ ನೋಡಿದರು. ನಾನು ಆಗದು ಎಂದೆ. ಊರವರು ತಮ್ಮನಿಗೆ ಅಣ್ಣನ ಮೇಲೆ ಎಷ್ಟು ಪ್ರೀತಿ ಎಂದುಕೊಂಡರು. ಅದೂ ಇದೆ. ಆದರೆ ಕಬ್ಬು ಹಾಕಿದರೆ ನಾನು ಅಣ್ಣನಿಗೆ ಹೇಳಿದ್ದು ಖಾಯಂ ಸುಳ್ಳಾಗಿ ಉಳಿಯುತ್ತದೆ.

ದಿನಾ ಬೆಳಿಗ್ಗೆ ಹೋಗಿ ವಾಲಿದ ಬೆಂಚಿನ ಮೇಲೆ ಕೂರುತ್ತೇನೆ. ಹುಲ್ಲು ಮೊಣಕಾಲಿಗೆ ಬಂದಿದೆ. ಕುಡಗೋಲು ಮನೆಯಲ್ಲಿ ಬಿಟ್ಟು ಹೋಗುತ್ತೇನೆ, ಆದರೂ ಕೈ ಕೇಳುವುದಿಲ್ಲ, ತೊಡೆಯ ಕೆಳಗೆ ಇಟ್ಟುಕೊಂಡು ಕೂರುತ್ತೇನೆ. ನೇಕಾರ ರಜೆಯಲ್ಲಿ ಬರುತ್ತಾನೆ. ಗೋರಿಗೆ ಕೈಮುಗಿದು ಬಂದು ಪಕ್ಕದಲ್ಲಿ ಕೂತು ಮೆಲ್ಲಗೆ ಕೇಳುತ್ತಾನೆ.

“ಏನ್ ಮಾಡಾಕತ್ತೀ?”

“ಏನೂ ಇಲ್ಲ.”

“ಬಂತೇನು ಕೈಗಿ?”

“ಇನ್ನೂ ಕಲಿಯಾಕತ್ತೇನಿ.”

ಕೌಜುಗ ಇನ್ನೂ ಬಂದಿಲ್ಲ. ಬಂದ ದಿನ ಬದುವಿನ ಹತ್ತಿರ ಹೋಗಿ ಅಣ್ಣನಿಗೆ ಹೇಳುವ ಕೆಲಸ ಮಾತ್ರ ನನಗಿಲ್ಲ. ಅದನ್ನು ಹೇಳಿಯಾಗಿದೆ.